ಜೆ ಡಿಲ್ಲಾ ಅವರ ‘ಡೋನಟ್ಸ್’ ಆಲ್ಬಮ್ ಅನ್ನು ಹೊಸ ಕೇಳುಗರ ಮುಂದೆ ಹೇಗೆ ಇಡಬೇಕು?

ಪ್ರಶ್ನೆ ಕೇಳಿದವರು: ಅಮಾನಿಕೆರೆ ಕೇಳುಗ, ತುಮಕೂರು

ತುಮಕೂರಿನಲ್ಲಿ ನಾವು ಕೆಲವು ಗೆಳೆಯರು ಭಾನುವಾರದ ಸಂಜೆ ಒಬ್ಬರ ಮನೆಯಲ್ಲಿ ಸೇರಿ, ಒಂದು ಆಲ್ಬಮ್ ಅನ್ನು ಮೊದಲಿನಿಂದ ಕೊನೆಯವರೆಗೆ ನಿಲ್ಲಿಸದೆ ಕೇಳಿ, ನಂತರ ಅದರ ಬಗ್ಗೆ ಮಾತನಾಡುವ ರೂಢಿ ಇಟ್ಟುಕೊಂಡಿದ್ದೇವೆ. ಬರುವವರಲ್ಲಿ ಮೃದಂಗ ಕಲಿಸುವವರಿದ್ದಾರೆ, ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುವವರಿದ್ದಾರೆ, ಭಾವಗೀತೆ ಬಿಟ್ಟು ಬೇರೇನನ್ನೂ ಅಷ್ಟಾಗಿ ಕೇಳದ ನಿವೃತ್ತ ಮೇಷ್ಟರೊಬ್ಬರಿದ್ದಾರೆ, ಕನ್ನಡ ರ‍್ಯಾಪ್ ಅನ್ನು ಬಾಯಿಪಾಠ ಮಾಡಿಕೊಂಡಿರುವ ಕಾಲೇಜು ಹುಡುಗರೂ ಇದ್ದಾರೆ. ಮುಂದಿನ ಸರದಿ ನನ್ನದು. ನಾನು ಆರಿಸಿಕೊಂಡಿರುವುದು ಅಮೆರಿಕದ ಡೆಟ್ರಾಯಿಟ್ ನಗರದ ಪ್ರೊಡ್ಯೂಸರ್ (ಯಂತ್ರದಲ್ಲಿ ಸಂಗೀತ ಕಟ್ಟುವವರು) ಜೆ ಡಿಲ್ಲಾ ಅವರ ‘ಡೋನಟ್ಸ್’.

ಗೊತ್ತಿಲ್ಲದವರಿಗಾಗಿ ಎರಡು ಮಾತು ಹೇಳುತ್ತೇನೆ. ಜೇಮ್ಸ್ ಡೆವಿಟ್ ಯಾನ್ಸಿ ಎಂಬ ಈ ಕಲಾವಿದ ಹುಟ್ಟಿದ್ದು 1974ರ ಫೆಬ್ರವರಿ 7ರಂದು. ‘ಡೋನಟ್ಸ್’ ಹೊರಬಂದದ್ದು 2006ರಲ್ಲಿ, ಅವರ 32ನೆಯ ಹುಟ್ಟುಹಬ್ಬದ ದಿನವೇ. ಹೊರತಂದದ್ದು ಲಾಸ್ ಏಂಜಲೀಸ್‌ನ ಸ್ಟೋನ್ಸ್ ಥ್ರೋ ಎಂಬ ಸ್ವತಂತ್ರ ಸಂಸ್ಥೆ. ಅದಾದ ಮೂರನೆಯ ದಿನ ಅವರು ತೀರಿಕೊಂಡರು. ಆಲ್ಬಮ್‌ನಲ್ಲಿ 31 ತುಣುಕುಗಳಿವೆ, ಒಟ್ಟು ಅವಧಿ ಸುಮಾರು 43 ನಿಮಿಷ. ರ‍್ಯಾಪ್ ಮಾಡುವವರು ಯಾರೂ ಇಲ್ಲ. ಕೇಳಿಸುವ ದನಿಗಳಲ್ಲಿ ಹೆಚ್ಚಿನವು ಹಳೆಯ ಸೋಲ್ (ಆಫ್ರಿಕನ್ ಅಮೆರಿಕನ್ನರ ಗಾಯನಶೈಲಿ) ಮತ್ತು ಪಾಪ್ ರೆಕಾರ್ಡುಗಳಿಂದ ಕತ್ತರಿಸಿ ತೆಗೆದವು.

ನನಗೆ ಈ ಆಲ್ಬಮ್ ತುಂಬ ಪ್ರಿಯವಾದದ್ದು, ಆದ್ದರಿಂದಲೇ ಅಳುಕೂ ಇದೆ. ಪಲ್ಲವಿ, ಅನುಪಲ್ಲವಿ, ಚರಣ ಎಂಬ ನಡಿಗೆಗೆ ಹೊಂದಿಕೊಂಡ ಕಿವಿಗೆ ಇಲ್ಲಿ ಊರುಗೋಲು ಸಿಗುವುದಿಲ್ಲ. ಒಂದು ರಾಗಭಾವ ಮನಸ್ಸಿಗೆ ಹತ್ತುವಷ್ಟರಲ್ಲಿ ಅದು ತುಂಡಾಗಿ ಇನ್ನೊಂದು ಶುರುವಾಗಿರುತ್ತದೆ. ಹುಡುಗರಲ್ಲೊಬ್ಬನಿಗೆ ಮೊದಲೇ ಸ್ವಲ್ಪ ಕೇಳಿಸಿದಾಗ ಅವನು, ‘ಇದರ ಮೇಲೆ ಯಾರಾದರೂ ಬರೆದು ಹಾಡಬೇಕಾಗಿತ್ತು, ಇದಿನ್ನೂ ಅರ್ಧ ಕೆಲಸ’ ಎಂದ. ಅದು ಅರ್ಧ ಕೆಲಸವಲ್ಲ ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ, ಆದರೆ ಏಕೆ ಅಲ್ಲ ಎಂಬುದನ್ನು ಸಂಗೀತದ ಮಾತಿನಲ್ಲಿ ವಿವರಿಸಲು ನನಗೆ ಬರುವುದಿಲ್ಲ.

ತಿಳಿದವರು ದಯವಿಟ್ಟು ಹೇಳಿ. ಡಿಲ್ಲಾ ಅವರ ಲಯ ‘ವಾಲುತ್ತದೆ’ ಎಂದು ಎಲ್ಲರೂ ಬರೆಯುತ್ತಾರಲ್ಲ, ಆ ವಾಲುವಿಕೆ ನಿಜವಾಗಿ ಏನು? ನಮ್ಮ ಸೀಮೆಯ ತಮಟೆಯ ಗತ್ತಿಗೂ ಅದಕ್ಕೂ ನಂಟಿದೆ ಎಂದು ಹೇಳಿದರೆ ಅದು ಒತ್ತಾಯದ ಹೋಲಿಕೆಯಾಗುತ್ತದೆಯೇ? ಕೇಳಿಸುವ ಮುನ್ನ ಅವರ ಕಾಯಿಲೆಯ ಕಥೆಯನ್ನು ಹೇಳಬೇಕೇ, ಬೇಡವೇ?

ಉತ್ತರ: ಚಿಂತಾಮಣಿ ಲಯ

ನಾನು ತಾಳವಾದ್ಯ ಕಲಿತವನು, ಕಂಪ್ಯೂಟರಿನಲ್ಲಿ ಬೀಟ್ ಕಟ್ಟುವುದನ್ನು ಆಮೇಲೆ ರೂಢಿಸಿಕೊಂಡವನು. ಹಾಗಾಗಿ ಲಯದ ಪ್ರಶ್ನೆಯನ್ನಷ್ಟೇ ಎತ್ತಿಕೊಳ್ಳುತ್ತೇನೆ.

ಡಿಲ್ಲಾ ಬಹುಕಾಲ ಬಳಸಿದ್ದು ಅಕಾಯ್ ಕಂಪನಿಯ ಎಂಪಿಸಿ 3000 ಎಂಬ ಯಂತ್ರವನ್ನು. 1994ರಲ್ಲಿ ಬಂದ ಈ ಯಂತ್ರವನ್ನು ವಿನ್ಯಾಸ ಮಾಡಿದವರು ರೋಜರ್ ಲಿನ್. ಡಿಲ್ಲಾ ಅವರ ಆ ಯಂತ್ರ ಈಗ ವಾಷಿಂಗ್ಟನ್‌ನಲ್ಲಿ, ಆಫ್ರಿಕನ್ ಅಮೆರಿಕನ್ ಇತಿಹಾಸ ಮತ್ತು ಸಂಸ್ಕೃತಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅದರ ಗುಂಡಿಗಳನ್ನು ಬೆರಳಿನಿಂದ ಬಾರಿಸಿದರೆ ಒಂದೊಂದು ಗುಂಡಿಯೂ ಒಂದೊಂದು ನಾದವನ್ನು ನುಡಿಯುತ್ತದೆ. ನೀವು ಬಾರಿಸಿದ್ದನ್ನು ಯಂತ್ರ ನೆನಪಿಟ್ಟುಕೊಳ್ಳುವಾಗ ಒಂದು ತಾಳದೆಣಿಕೆಯನ್ನು 96 ಭಾಗ ಮಾಡಿ, ಹತ್ತಿರದ ಭಾಗದಲ್ಲಿ ಪೆಟ್ಟನ್ನು ಇರಿಸುತ್ತದೆ. ನಿಮಿಷಕ್ಕೆ 90 ಎಣಿಕೆಯ ಕಾಲದಲ್ಲಿ ಅಂಥ ಒಂದು ಭಾಗವೆಂದರೆ ಸೆಕೆಂಡಿನ ಸಾವಿರದಲ್ಲಿ ಸುಮಾರು ಏಳು ಪಾಲು. ಬೇಕೆಂದರೆ ಯಂತ್ರವೇ ಪೆಟ್ಟುಗಳನ್ನು ಸರಿಪಡಿಸಿ, ಎಣಿಕೆಯ ನಾಲ್ಕನೆಯ ಒಂದು ಪಾಲಿಗೆ ನೇರವಾಗಿ ಕೂರಿಸುತ್ತದೆ. ಇದಕ್ಕೆ ಕ್ವಾಂಟೈಜ್ ಎನ್ನುತ್ತಾರೆ. ಇನ್ನೊಂದು ಸೌಲಭ್ಯ ಸ್ವಿಂಗ್. ಅದನ್ನು ಶೇಕಡಾ 50ರಲ್ಲಿ ಇಟ್ಟರೆ ಜೋಡಿ ಪೆಟ್ಟುಗಳ ನಡುವಿನ ಅಂತರ ಸಮನಾಗಿರುತ್ತದೆ. 66ಕ್ಕೆ ಏರಿಸಿದರೆ ಜೋಡಿಯ ಎರಡನೆಯ ಪೆಟ್ಟು ತಡವಾಗಿ, ಮೂರು ಪಾಲಿನಲ್ಲಿ ಮೂರನೆಯದರ ಮೇಲೆ ಬೀಳುತ್ತದೆ. ಅಂದರೆ ಚತುರಶ್ರವಾಗಿ (ನಾಲ್ಕರ ನಡೆಯಲ್ಲಿ) ನಡೆಯುತ್ತಿದ್ದುದು ತಿಶ್ರದ (ಮೂರರ ನಡೆಯ) ಕಡೆಗೆ ತಿರುಗುತ್ತದೆ. 90ರ ಕಾಲದಲ್ಲಿ ಆ ತಡವೆಂದರೆ ಸೆಕೆಂಡಿನ ಸಾವಿರದಲ್ಲಿ ಸುಮಾರು 55 ಪಾಲು ಮಾತ್ರ, ಆದರೂ ಮೈ ಅದನ್ನು ತಕ್ಷಣ ಗುರುತಿಸುತ್ತದೆ.

ಇಲ್ಲಿಯವರೆಗಿನದು ಯಂತ್ರವಿದ್ದ ಎಲ್ಲರಿಗೂ ಸಿಕ್ಕಿದ್ದೇ. ಡಿಲ್ಲಾ ಮಾಡಿದ ಹೊಸ ಕೆಲಸವೆಂದರೆ ಒಂದೇ ಆವರ್ತದಲ್ಲಿ ಈ ಎರಡೂ ನಡೆಗಳನ್ನು ಒಟ್ಟಿಗೆ ಓಡಿಸಿದ್ದು. ಹೈ ಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ತಾಳ) ನೇರವಾಗಿ ನಡೆಯುತ್ತಿರುವಾಗಲೇ ಸ್ನೇರ್ (ಚುರುಕು ದನಿಯ ಡ್ರಮ್) ಕೂದಲೆಳೆಯಷ್ಟು ಮುಂಚಿತವಾಗಿ ಬಂದು ಹೋಗುತ್ತದೆ, ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಯಾವ ಮನೆಯಲ್ಲೂ ಕೂರದೆ ಅವೆರಡರ ನಡುವೆ ಅಲೆಯುತ್ತದೆ, ಮಂದ್ರದ ಬಾಸ್ ಎಲ್ಲರಿಗಿಂತ ಹಿಂದೆ ಬರುತ್ತದೆ. ಕೇಳುವವನಿಗೆ ಯಾರೋ ತಾಳ ತಪ್ಪಿದಂತೆ ಅನ್ನಿಸಬಹುದು, ಆದರೆ ಆ ತಪ್ಪಿದ ಜಾಗವೇ ಪ್ರತಿ ಆವರ್ತದಲ್ಲೂ ಕರಾರುವಾಕ್ಕಾಗಿ ಮರಳಿ ಬರುತ್ತದೆ. ಆಲಸ್ಯದಿಂದ ಆದ ತಪ್ಪಾಗಿದ್ದರೆ ಅದು ಹಾಗೆ ಮರಳುತ್ತಿರಲಿಲ್ಲ. ನಿಮ್ಮ ಮೃದಂಗದ ಗುರುಗಳಿಗೆ ಒಂದು ಎಚ್ಚರಿಕೆ ಹೇಳಿ: ಇದು ಎಡುಪಿನ, ಅಂದರೆ ಹಾಡನ್ನು ತಾಳದ ಯಾವ ಜಾಗದಲ್ಲಿ ಎತ್ತಿಕೊಳ್ಳಬೇಕೆಂಬುದರ ಮಾತಲ್ಲ. ಎಡುಪು ಅರ್ಧ ಎಣಿಕೆ, ಮುಕ್ಕಾಲು ಎಣಿಕೆ ಎಂದು ಲೆಕ್ಕಕ್ಕೆ ಸಿಗುತ್ತದೆ. ಇದು ಲೆಕ್ಕಕ್ಕೆ ಸಿಗದಷ್ಟು ಸಣ್ಣದು, ಕೈಯಲ್ಲಿ ಎಣಿಸಿ ಹಿಡಿಯಲು ಹೊರಟರೆ ತಪ್ಪಿಸಿಕೊಳ್ಳುತ್ತದೆ.

ಕೋಣೆಯಲ್ಲಿ ಇದನ್ನು ತೋರಿಸಿಕೊಡಲು ಒಂದು ದಾರಿ ಇದೆ. ಅರ್ಧ ಜನ ‘ತಕದಿಮಿ’ ಎಂದು ಸಮನಾಗಿ ಹೇಳುತ್ತಾ ಚಪ್ಪಾಳೆ ಹಾಕಲಿ. ಉಳಿದರ್ಧ ಜನ ಅದೇ ಎಣಿಕೆಯೊಳಗೆ ‘ತಕಿಟ’ ಹೇಳಲಿ. ಎರಡೂ ಗುಂಪು ತಮ್ಮ ತಮ್ಮ ನಡೆಯನ್ನು ಬಿಡದೆ ಹಿಡಿದುಕೊಂಡರೆ ನಡುವೆ ಒಂದು ತಿಕ್ಕಾಟ ಹುಟ್ಟುತ್ತದೆ. ಆ ತಿಕ್ಕಾಟವನ್ನು ಬಗೆಹರಿಸದೆ ಹಾಗೆಯೇ ಉಳಿಸಿಕೊಳ್ಳುವುದು ಡಿಲ್ಲಾ ಅವರ ಲಯದ ತಿರುಳು.

ಇನ್ನು ತಮಟೆಯ ವಿಚಾರ. ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದ ಮೇಲೆ ತಮಟೆಯನ್ನು ಹೊಸದಾಗಿ ಕಿವಿಗೊಟ್ಟು ಕೇಳುವವರು ಹೆಚ್ಚಿದ್ದಾರೆ. ಅದು ನನಗೆ ಬಹಳ ಸಂತೋಷದ ಸಂಗತಿ. ಬಲಗೈಯ ಗಿಡ್ಡ ಕೋಲಿನ ಗುಂಡಗಿನ ಪೆಟ್ಟಿಗೂ ಎಡಗೈಯ ತೆಳು ಕಡ್ಡಿಯ ಚುರುಕು ಪೆಟ್ಟಿಗೂ ನಡುವೆ ಸಣ್ಣದೊಂದು ಸರಿತ (ಹಿಂದುಮುಂದಾಗುವಿಕೆ) ಇರುವುದು ನಿಜ. ಆದರೆ ತಮಟೆಯ ಮೇಳದಲ್ಲಿ ಆ ಸರಿತ ಹುಟ್ಟುವುದು ನಾಲ್ಕಾರು ಜನ ಒಬ್ಬರನ್ನೊಬ್ಬರು ನೋಡುತ್ತಾ, ಕುಣಿಯುತ್ತಾ, ಮೆರವಣಿಗೆಯ ಓಟಕ್ಕೆ ತಕ್ಕಂತೆ ಕಾಲವನ್ನು ಏರಿಸುತ್ತಾ ಹೋಗುವುದರಿಂದ. ಡಿಲ್ಲಾ ಕೂತದ್ದು ಒಂಟಿಯಾಗಿ, ಅವರ ಕಾಲ ಏರುವುದೂ ಇಲ್ಲ. ಆದ್ದರಿಂದ ‘ಇದು ನಮ್ಮಲ್ಲಿ ಮೊದಲೇ ಇತ್ತು’ ಎಂದು ಹೇಳಬೇಡಿ. ಹಾಗೆ ಹೇಳಿದರೆ ಇಬ್ಬರ ಕೆಲಸವೂ ಸಣ್ಣದಾಗುತ್ತದೆ. ತಮಟೆ ಕೇಳಿ ಬೆಳೆದ ಕಿವಿಗೆ ಈ ವಾಲುವಿಕೆ ಅಷ್ಟೊಂದು ಪರಕೀಯ ಅನ್ನಿಸದು ಎಂದಷ್ಟೇ ಹೇಳಿದರೆ ಸಾಕು.

ಉತ್ತರ: ಊರಿಗಾಂ, ಕೆಜಿಎಫ್

ಚಿಂತಾಮಣಿಯವರು ಲಯದ ಬಗ್ಗೆ ಬರೆದದ್ದು ಒಪ್ಪತಕ್ಕದ್ದೇ. ಆದರೆ ಅದು ಡಿಲ್ಲಾ ಸ್ಲಮ್ ವಿಲೇಜ್ ಎಂಬ ಹಿಪ್ ಹಾಪ್ ಗುಂಪಿನಲ್ಲಿದ್ದಾಗ ಮಾಡಿದ ಕೆಲಸಕ್ಕೆ ಹೊಂದುವಷ್ಟು ‘ಡೋನಟ್ಸ್’ಗೆ ಹೊಂದುವುದಿಲ್ಲ ಎಂದು ನನ್ನ ಅಭಿಪ್ರಾಯ. ಈ ಆಲ್ಬಮ್‌ನಲ್ಲಿ ಆತ ಹೊರಗಿನಿಂದ ತಂದು ಸೇರಿಸಿದ ಡ್ರಮ್ಮುಗಳು ಮುಂದೆ ನಿಂತು ಕುಣಿಯುವುದಿಲ್ಲ. ಇಲ್ಲಿನ ನಾಟಕವೆಲ್ಲ ಕತ್ತರಿಯದು. ಹಳೆಯ ರೆಕಾರ್ಡಿನ ಯಾವ ಉಸಿರಿನಿಂದ ಎತ್ತಿಕೊಳ್ಳಬೇಕು, ಯಾವ ಅಕ್ಷರದ ಅರ್ಧದಲ್ಲಿ ಬಿಡಬೇಕು ಎಂಬ ತೀರ್ಮಾನದಲ್ಲಿ ಇಡೀ ಆಲ್ಬಮ್ ನಿಂತಿದೆ. ಕೇಳುಗರಿಗೆ ಅದನ್ನು ತೋರಿಸಿಕೊಡದೆ ಬರೀ ತಾಳದ ಬಗ್ಗೆ ಹೇಳಿದರೆ, ಅವರು 43 ನಿಮಿಷವೂ ಹೈ ಹ್ಯಾಟ್ ಎಲ್ಲಿ ಬೀಳುತ್ತದೆಂದು ಹುಡುಕುತ್ತಾ ಕೂರುತ್ತಾರೆ.

ಇದಕ್ಕೆ ಎಲ್ಲಕ್ಕಿಂತ ಒಳ್ಳೆಯ ಉದಾಹರಣೆ ‘ಡೋಂಟ್ ಕ್ರೈ’ ಎಂಬ ತುಣುಕು. ಅದರ ಮೂಲ ದಿ ಎಸ್ಕಾರ್ಟ್ಸ್ ಎಂಬ ಗಾಯಕರ ಗುಂಪಿನ ಒಂದು ಹಾಡು. ಆ ಗುಂಪು ಕಟ್ಟಿದವರು ನ್ಯೂ ಜೆರ್ಸಿಯ ರಾಹ್‌ವೇ ಸೆರೆಮನೆಯ ಕೈದಿಗಳು. ನಿನ್ನ ಅಳುವನ್ನು ನೋಡಲಾರೆ ಎಂಬುದು ಆ ಹಾಡಿನ ಭಾವ. ಡಿಲ್ಲಾ ಮೊದಲು ಆ ಹಾಡನ್ನು ಹೆಚ್ಚು ಮುಟ್ಟದೆ, ಹೆಚ್ಚುಕಡಿಮೆ ಇದ್ದ ಹಾಗೆಯೇ ಹರಿಯಬಿಡುತ್ತಾನೆ. ಮೂಲ ಏನೆಂದು ನಿಮಗೆ ಮೊದಲು ಗೊತ್ತಾಗಲಿ ಎಂಬ ಉದಾರತೆ ಅದು. ಇಂಥ ಉದಾರತೆಯನ್ನು ಸ್ಯಾಂಪಲ್ (ಹಳೆಯ ರೆಕಾರ್ಡಿನಿಂದ ಕತ್ತರಿಸಿದ ಚೂರು) ಬಳಸುವ ಪ್ರೊಡ್ಯೂಸರುಗಳಲ್ಲಿ ನಾನು ಹೆಚ್ಚಾಗಿ ಕಂಡಿಲ್ಲ. ಆಮೇಲೆ ಅದನ್ನೇ ಚೂರು ಚೂರು ಮಾಡಿ, ಕ್ರಮ ಬದಲಿಸಿ, ಬೇರೆ ಬೇರೆ ಸಾಲಿನ ದನಿಗಳನ್ನು ಪಕ್ಕಪಕ್ಕ ಕೂರಿಸಿ ಹೊಸದೊಂದು ರಾಗದ ಸಾಲನ್ನು ನೇಯುತ್ತಾನೆ. ಹಾಡಿದವರು ಎಂದೂ ಹಾಡದ ಸಾಲು ಅವರದೇ ಕಂಠದಿಂದ ಬರುತ್ತದೆ. ಇಡೀ ತುಣುಕಿನ ಅವಧಿ ಎರಡು ನಿಮಿಷವೂ ಇಲ್ಲ. ‘ಇದು ಅರ್ಧ ಕೆಲಸ’ ಎಂದ ಹುಡುಗನಿಗೆ ಇದನ್ನು ಒಮ್ಮೆ ಕೇಳಿಸಿ. ಮೇಲೆ ರ‍್ಯಾಪ್ ಹಾಡಿದರೆ ಏನು ಮುಚ್ಚಿಹೋಗುತ್ತದೆ ಎಂಬುದು ಅವನಿಗೇ ಹೊಳೆಯುತ್ತದೆ. ಮಾತು ಇಲ್ಲಿ ಬಿಟ್ಟುಹೋದದ್ದಲ್ಲ, ಹೇಳಬೇಕಾದ ಮಾತನ್ನು ಹಳೆಯ ದನಿಗಳ ಬಾಯಿಂದಲೇ ಹೇಳಿಸಲಾಗಿದೆ.

ತುಣುಕುಗಳು ಚಿಕ್ಕವೆಂಬ ದೂರಿಗೂ ಇದರಲ್ಲೇ ಉತ್ತರವಿದೆ. ಆಲ್ಬಮ್‌ನ ಅತಿ ಉದ್ದದ ತುಣುಕು ‘ವರ್ಕಿನೋನಿಟ್’, ಅದೂ ಮೂರು ನಿಮಿಷ ಮುಟ್ಟುವುದಿಲ್ಲ. ಒಂದು ಚೂರಿನಿಂದ ಹೊಸದೇನು ಹುಟ್ಟಿತೆಂದು ತೋರಿಸಿದ ಕ್ಷಣಕ್ಕೆ ಡಿಲ್ಲಾ ಎದ್ದುಬಿಡುತ್ತಾನೆ. ತೋಡಿಯಲ್ಲಿ ಗಂಟೆಗಟ್ಟಲೆ ವಿಸ್ತರಿಸುವ ಸಂಪ್ರದಾಯದವರಾದ ನಮಗೆ ಇದು ಜಿಪುಣತನವೆನ್ನಿಸಬಹುದು. ನನಗೆ ಇದು ವಚನಕಾರರ ಮಿತಭಾಷೆಗೆ ಹತ್ತಿರವಾದದ್ದೆನ್ನಿಸುತ್ತದೆ: ಹೇಳಬೇಕಾದದ್ದನ್ನು ಹೇಳಿ ಅಂಕಿತ ಹಾಕಿ ಮುಗಿಸುವುದು. ಇಲ್ಲಿ ಅಂಕಿತದ ಕೆಲಸವನ್ನು ಒಂದು ಸೈರನ್ ಮಾಡುತ್ತದೆ. ಮಾಂಟ್ರಾನಿಕ್ಸ್ ಎಂಬ ಹಿಪ್ ಹಾಪ್ ಗುಂಪಿನ 1988ರ ರೆಕಾರ್ಡಿನಿಂದ ತೆಗೆದ ಆ ಕೂಗು ಆಲ್ಬಮ್‌ನ ಉದ್ದಕ್ಕೂ ಅಲ್ಲಲ್ಲಿ ಮರಳಿ ಬರುತ್ತದೆ. ಮೇಷ್ಟರಿಗೆ ಅದರ ಕಡೆ ಕಿವಿ ಇಡಲು ಹೇಳಿ, ದಾರಿಗುರುತು ಸಿಗುತ್ತದೆ.

ಕಾಯಿಲೆಯ ಕಥೆಯನ್ನು ಮೊದಲೇ ಹೇಳಬೇಡಿ ಎಂದು ಬಲವಾಗಿ ಬೇಡಿಕೊಳ್ಳುತ್ತೇನೆ. ಟಿಟಿಪಿ ಎಂಬ ಅಪರೂಪದ ರಕ್ತದ ಕಾಯಿಲೆ ಮತ್ತು ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ಮೇಲೆರಗುವ ಕಾಯಿಲೆ) ಆತನನ್ನು ಹಣ್ಣುಮಾಡಿದ್ದವು, ಕೊನೆಯ ದಿನಗಳಲ್ಲಿ ತಾಯಿ ಮೌರೀನ್ ಯಾನ್ಸಿ ಜೊತೆಗಿದ್ದು ಆರೈಕೆ ಮಾಡಿದರು; ಇದೆಲ್ಲ ಸತ್ಯ. ಆದರೆ ಇಡೀ ಆಲ್ಬಮ್ ಆಸ್ಪತ್ರೆಯ ಹಾಸಿಗೆಯ ಮೇಲೆಯೇ ಹುಟ್ಟಿತೆಂದು ಪ್ರಚಾರದಲ್ಲಿರುವ ಕಥೆಯನ್ನು ಆತನ ಜೊತೆ ಕೆಲಸ ಮಾಡಿದವರೇ ಒಪ್ಪುವುದಿಲ್ಲ. ಸಾವಿನ ಕಥೆ ಮೊದಲು ಕಿವಿಗೆ ಬಿದ್ದರೆ ಕೇಳುಗರು ಪ್ರತಿ ತುಣುಕಿನಲ್ಲೂ ವಿದಾಯವನ್ನೇ ಹುಡುಕುತ್ತಾರೆ. ಆ ಆಲ್ಬಮ್‌ನಲ್ಲಿ ಎಷ್ಟೊಂದು ತುಂಟತನವಿದೆ, ಎಷ್ಟೊಂದು ಕಡೆ ನಗುವಿದೆ. ಅವೆಲ್ಲ ಶೋಕದ ನೆರಳಲ್ಲಿ ಮಂಕಾಗುತ್ತವೆ. ಕೇಳಿ ಮುಗಿದ ಮೇಲೆ, ಯಾರಾದರೂ ಕೇಳಿದರೆ ಹೇಳಿ.

ಅದಕ್ಕಿಂತ ಮೊದಲು ಹೇಳಬೇಕಾದದ್ದು ಆತನ ಸ್ವಾತಂತ್ರ್ಯದ ಬಗ್ಗೆ. ದೊಡ್ಡ ಕಂಪನಿಯೊಂದಕ್ಕಾಗಿ ಮಾಡಿದ ಆಲ್ಬಮ್ ಹೊರಬರದೆ ಕೂತಾಗ, ಆತ 2003ರಲ್ಲಿ ‘ರಫ್ ಡ್ರಾಫ್ಟ್’ ಎಂಬ ರೆಕಾರ್ಡನ್ನು ತನ್ನದೇ ಲೇಬಲ್‌ನಿಂದ, ಜರ್ಮನಿಯ ಒಬ್ಬ ವಿತರಕರ ಮೂಲಕ ಹೊರತಂದ. ಆಮೇಲಿನ ‘ಡೋನಟ್ಸ್’ ಬಂದದ್ದೂ ಸಣ್ಣ ಸಂಸ್ಥೆಯಿಂದಲೇ. ರೇಡಿಯೋದಲ್ಲಿ ಓಡುವ ಒಂದು ಹಾಡಾದರೂ ಬೇಕೆಂದು ಕೇಳುವವರು ನೆತ್ತಿಯ ಮೇಲಿದ್ದಿದ್ದರೆ, ಮಾತಿಲ್ಲದ 31 ತುಣುಕುಗಳ ಆಲ್ಬಮ್ ಈ ರೂಪದಲ್ಲಿ ಉಳಿಯುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ಅಮಾನಿಕೆರೆ ಕೇಳುಗ, ತುಮಕೂರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಕಾಯಿಲೆಯ ಮಾತನ್ನು ಕೊನೆಗೆ ಇಡುತ್ತೇನೆ. ಇನ್ನೊಂದು ಪ್ರಶ್ನೆ ಉಳಿದಿದೆ. ನಮ್ಮ ಹುಡುಗರಲ್ಲಿ ಇಬ್ಬರು ಈ ಆಲ್ಬಮ್ ಕೇಳಿದ ಮೇಲೆ ಹಳೆಯ ಕನ್ನಡ ಚಿತ್ರಗೀತೆಗಳನ್ನು ಇದೇ ರೀತಿ ಕತ್ತರಿಸಿ ತಾವೂ ಒಂದು ರೆಕಾರ್ಡ್ ಮಾಡುತ್ತೇವೆಂದು ಹೊರಡುವುದು ಖಂಡಿತ. ಅವರ ಉತ್ಸಾಹಕ್ಕೆ ತಣ್ಣೀರು ಎರಚಲು ನನಗೆ ಇಷ್ಟವಿಲ್ಲ, ಹಾಗೆಂದು ಅವರು ತೊಂದರೆಗೆ ಸಿಕ್ಕುವುದೂ ಬೇಡ. ಹಕ್ಕುಗಳ ವಿಚಾರದಲ್ಲಿ ಏನು ಹೇಳಲಿ?

ಉತ್ತರ: ಶಿಡ್ಲಘಟ್ಟ ದಾರ

ಮನೆಯಲ್ಲಿ ಕತ್ತರಿಸಿ ಕಲಿಯಲಿ, ಅದಕ್ಕೆ ಯಾರ ಅಡ್ಡಿಯೂ ಇರುವುದಿಲ್ಲ. ಪ್ರಕಟಿಸುವಾಗ ಮಾತ್ರ ಎಚ್ಚರ ಬೇಕು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ವರ್ಷದ ಮರುವರ್ಷದಿಂದ 60 ವರ್ಷ ಉಳಿಯುತ್ತದೆ. ಉದಾಹರಣೆಗೆ, 1960ರಲ್ಲಿ ಹೊರಬಂದ ರೆಕಾರ್ಡಿನ ಮುದ್ರಣಹಕ್ಕು 2020ರ ಕೊನೆಗೆ ಮುಗಿಯಿತು. ಆದರೆ ಅಲ್ಲಿಗೆ ಎಲ್ಲವೂ ಮುಕ್ತವಾಯಿತೆಂದು ತಿಳಿಯಬಾರದು. ಸಾಹಿತ್ಯ ಮತ್ತು ಸಂಗೀತ ಸಂಯೋಜನೆಯ ಹಕ್ಕು ಬೇರೆಯೇ ಇದ್ದು, ಅದು ರಚಿಸಿದವರ ಜೀವಿತಕಾಲ ಮತ್ತು ಅವರು ತೀರಿಕೊಂಡ ನಂತರದ 60 ವರ್ಷ ಇರುತ್ತದೆ. ‘ಐದು ಸೆಕೆಂಡಿಗಿಂತ ಕಡಿಮೆ ಬಳಸಿದರೆ ಪರವಾಗಿಲ್ಲ’ ಎಂದು ಹುಡುಗರ ಬಾಯಲ್ಲಿ ಓಡಾಡುವ ಮಾತಿಗೆ ಕಾಯ್ದೆಯಲ್ಲಿ ಆಧಾರವಿಲ್ಲ. ಅಮೆರಿಕದಲ್ಲೂ 1991ರಲ್ಲಿ ರ‍್ಯಾಪರ್ ಬಿಜ್ ಮಾರ್ಕಿ ಅವರ ವಿರುದ್ಧ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ತೀರ್ಪು ಕೊಟ್ಟ ಮೇಲೆ, ಅನುಮತಿ ಪಡೆಯದೆ ಸ್ಯಾಂಪಲ್ ಬಳಸುವುದು ದೊಡ್ಡ ಅಪಾಯದ ಕೆಲಸವಾಯಿತು.

ನನ್ನ ಸಲಹೆ ಬೇರೆ ಇದೆ. ತುಮಕೂರು ಸೀಮೆಯಲ್ಲಿ ಕಾಡುಗೊಲ್ಲರ ಗಣೆ ಇದೆ, ಜುಂಜಪ್ಪನ ಕಾವ್ಯವನ್ನು ಆ ಉದ್ದನೆಯ ಕೊಳಲಿನ ಜೊತೆಗೆ ಹಾಡುವವರು ಇದ್ದಾರೆ. ಕೋಲು ಉಜ್ಜಿದಾಗ ಸ್ವರ ಜಾರುವ ಉರುಮೆ ಇದೆ. ನಮ್ಮ ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚುವ ಯಂತ್ರಗಳ ಸದ್ದು ಇದೆ. ಹುಡುಗರು ತಾವೇ ಹೋಗಿ, ನುಡಿಸುವವರನ್ನು ಕೇಳಿ, ಅವರ ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟು, ಹೆಸರು ಹಾಕಿ ಮುದ್ರಿಸಿಕೊಳ್ಳಲಿ. ಜನಪದದ್ದು ಯಾರ ಸ್ವತ್ತೂ ಅಲ್ಲವೆಂದು ಹೇಳಿ ಕಲಾವಿದರಿಗೆ ಬಿಡಿಗಾಸೂ ಕೊಡದೆ ಎತ್ತಿಕೊಂಡು ಬರುವುದು ನನಗೆ ಸಿನಿಮಾ ಹಾಡು ಕದಿಯುವುದಕ್ಕಿಂತ ದೊಡ್ಡ ತಪ್ಪೆನ್ನಿಸುತ್ತದೆ, ಏಕೆಂದರೆ ಅವರ ಪರವಾಗಿ ನೋಟಿಸು ಕಳಿಸುವವರೂ ಇರುವುದಿಲ್ಲ.

ಉತ್ತರ: ಚಿಂತಾಮಣಿ ಲಯ

ಶಿಡ್ಲಘಟ್ಟದವರ ಮಾತನ್ನು ಪೂರ್ತಿ ಅನುಮೋದಿಸುತ್ತೇನೆ. ಅದಕ್ಕೊಂದು ಮಾತು ಸೇರಿಸಬೇಕು: ಮುದ್ರಿಸಿಕೊಂಡ ತಮಟೆಯನ್ನಾಗಲಿ ಉರುಮೆಯನ್ನಾಗಲಿ ಕಂಪ್ಯೂಟರಿಗೆ ಹಾಕಿದ ಕೂಡಲೇ ಕ್ವಾಂಟೈಜ್ ಗುಂಡಿ ಒತ್ತಬೇಡಿ ಎಂದು ಹುಡುಗರಿಗೆ ತಿಳಿಸಿ. ನುಡಿಸಿದವರ ಕೈಯಲ್ಲಿದ್ದ ಕಾಲವನ್ನು ಮೊದಲು ಹಾಗೆಯೇ ಇಟ್ಟುಕೊಂಡು, ಅದರ ಪಕ್ಕದಲ್ಲಿ ನೇರವಾದ ಇನ್ನೊಂದು ನಡೆಯನ್ನು ಓಡಿಸಿ ನೋಡಲಿ. ಡಿಲ್ಲಾ ಅವರಿಂದ ಕಲಿಯಬೇಕಾದ ಪಾಠ ಅಲ್ಲಿದೆ.

ಊರಿಗಾಂ ಅವರು ಹೇಳಿದಂತೆ ‘ಡೋನಟ್ಸ್’ನಲ್ಲಿ ಕತ್ತರಿಯೇ ಪ್ರಧಾನ ಎಂಬುದರ ಬಗ್ಗೆ ನನ್ನ ನಿಲುವು ಸ್ವಲ್ಪ ಬೇರೆ. ದನಿಯ ಚೂರನ್ನು ಎಲ್ಲಿ ಕತ್ತರಿಸಿದರು ಎಂಬುದರಷ್ಟೇ ಮುಖ್ಯ, ಆ ಚೂರನ್ನು ಆವರ್ತದಲ್ಲಿ ಎಲ್ಲಿ ಬೀಳಿಸಿದರು ಎಂಬುದು. ‘ಡೋಂಟ್ ಕ್ರೈ’ನ ಎರಡನೆಯ ಭಾಗದಲ್ಲಿ ಗಾಯಕರ ದನಿಯೇ ತಾಳವಾದ್ಯವಾಗುತ್ತದೆ, ಡ್ರಮ್ಮು ಮಾಡಬೇಕಾದ ವಾಲುವಿಕೆಯನ್ನು ಕಂಠ ಮಾಡುತ್ತದೆ. ಅದನ್ನು ಬರೀ ಸಂಕಲನದ ಕೆಲಸವೆಂದು ನೋಡಿದರೆ ಅರ್ಧ ಸೊಗಸು ಕೈತಪ್ಪುತ್ತದೆ.

ಉತ್ತರ: ಊರಿಗಾಂ, ಕೆಜಿಎಫ್

ಒಪ್ಪುತ್ತೇನೆ, ಆದರೆ ಹೊಸಬರಿಗೆ ಮೊದಲು ಕೇಳಿಸುವುದು ಕಂಠವೇ ಹೊರತು ಅದರ ತಾಳವಲ್ಲ. ನಾನು ಕ್ರಮದ ಬಗ್ಗೆ ಹೇಳಿದ್ದು.

ತುಮಕೂರಿನವರಿಗೆ ಎರಡು ವ್ಯವಹಾರದ ಮಾತು. ಫೋನಿನ ಸ್ಪೀಕರಿನಲ್ಲಿ ಖಂಡಿತ ಕೇಳಿಸಬೇಡಿ, ಮಂದ್ರದ ನಾದ ಅದರಲ್ಲಿ ಬರುವುದೇ ಇಲ್ಲ, ಆಗ ಉಳಿಯುವುದು ಕಿರುಚುವ ಚೂರುಗಳು ಮಾತ್ರ. ಭಜನಾ ಮಂಡಳಿಯ ಸ್ಪೀಕರ್ ಪೆಟ್ಟಿಗೆ ಸಿಕ್ಕರೆ ಅದೇ ಸಾಕು. ಎರಡನೆಯದು, ಪಟ್ಟಿಯಲ್ಲಿರುವ ಕ್ರಮವನ್ನು ಬದಲಿಸಬೇಡಿ, ನಡುವೆ ಜಾಹೀರಾತು ಬರುವ ಕಡೆಯಿಂದ ಕೇಳಿಸಬೇಡಿ. 12 ಸೆಕೆಂಡಿನ ಮೊದಲ ತುಣುಕಿಗೆ ಡಿಲ್ಲಾ ಇಟ್ಟಿರುವುದು ಮುಕ್ತಾಯದ ಹೆಸರು, ಕೊನೆಯ ತುಣುಕಿಗೆ ಇಟ್ಟಿರುವುದು ಸ್ವಾಗತದ ಹೆಸರು. ಕೊನೆಯದರ ತುದಿ ಮೊದಲನೆಯದಕ್ಕೆ ಕೂಡಿಕೊಳ್ಳುವಂತೆ ಕಟ್ಟಲಾಗಿದೆ. ಮತ್ತೆ ಮತ್ತೆ ನುಡಿಸುವ ಗುಂಡಿ ಒತ್ತಿಟ್ಟು, ಎರಡನೆಯ ಸುತ್ತಿನಲ್ಲಿ ‘ವರ್ಕಿನೋನಿಟ್’ ಮುಗಿಯುವವರೆಗೆ ಓಡಲು ಬಿಡಿ. ಮೊದಲ ಸುತ್ತಿನಲ್ಲಿ ಗದ್ದಲವಾಗಿ ಕೇಳಿಸಿದ್ದು ಎರಡನೆಯ ಸಲ ಹೇಗೆ ಕೇಳಿಸಿತೆಂದು ಮೇಷ್ಟರನ್ನೇ ಮೊದಲು ಕೇಳಿ, ಅವರು ಹೇಳಿದ್ದನ್ನು ಇಲ್ಲಿ ಬರೆಯಿರಿ.